ಹಿಂದಿನೋರು ಕಟ್ಟಿದ್ದು

‘ನಂದು’ ಅಂತ ಯಾವತ್ತೂ ಅನ್ನುವುದಿಲ್ಲ ಎಂದು ನಿರ್ಮಲಾ ತನ್ನ ಅಜ್ಜಿ ಶೇಷಮ್ಮನ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ಸೊರಬದ ಸೀಮೆಯ ತವರೂರಿನಲ್ಲಿ, ಅಕ್ಕನ ಮದುವೆಯ ದಿನ, ಚಪ್ಪರದ ಹಿಂದೆ ಬಾಳೆಯೆಲೆ ಒರೆಸುವ ಜಾಗದಲ್ಲಿ ಆ ಮಾತು ನಡೆಯಿತು.

ಅವರ ಕಡೆಯ ಮದುವೆಗಳಲ್ಲಿ ಮದುಮಕ್ಕಳು ಒಂದೇ ಎಲೆಯಲ್ಲಿ ಭೂಮದ ಊಟಕ್ಕೆ ಕೂರುತ್ತಾರೆ. ಮೊದಲ ತುತ್ತಿಗೆ ಮುಂಚೆ ಹೆಣ್ಣು ಗಂಡನ ಹೆಸರು ಹೇಳಬೇಕು. ಬರೀ ಹೆಸರು ಹೇಳಿದರೆ ಯಾರೂ ಬಿಡುವುದಿಲ್ಲ. ಪ್ರಾಸ ಕೂಡಿಸಿದ ಒಡಪಿನೊಳಗೆ ಆ ಹೆಸರನ್ನು ಬಚ್ಚಿಟ್ಟು, ಎಲ್ಲರನ್ನೂ ಕಾಯಿಸಿ, ಕೊನೆಗೆ ತೆಗೆದು ತೋರಿಸಬೇಕು. ಅಕ್ಕನಿಗೆ ಗೊತ್ತಾದ ಗಂಡಿನ ಹೆಸರು ಕಲ್ಲಪ್ಪ. ‘ಕಲ್ಲಿಗೆ ಯಾವ ಪ್ರಾಸ ಹಾಕ್ತೀಯೇ?’ ಎಂದು ಗೆಳತಿಯರು ಕಾಡಿ ಕಾಡಿ ಅವಳನ್ನು ಅಳಿಸಿದ್ದರು. ಆಗ ನಿರ್ಮಲಾ ಅಕ್ಕನ ಕಿವಿಯಲ್ಲಿ ಎರಡು ಸಾಲು ಹೇಳಿಕೊಟ್ಟಳು. ಎಲೆಯ ಮುಂದೆ ಕೂತು ಅಕ್ಕ ಅದನ್ನೇ ಹೇಳಿದಳು:

ಕಲ್ಲು ಕರಗಲ್ಲ ಅಂತಾರೆ ಊರೋರು,
ಕರಗಿದ್ದು ನಾ ಕಂಡೆ, ಕಲ್ಲಪ್ಪ ನನ್ನೋರು.

ಚಪ್ಪರ ಹಾರಿಹೋಗುವ ಹಾಗೆ ನಗು. ಕಲ್ಲಪ್ಪನ ಮುಖ ಕೆಂಪಗಾಯಿತು. ಅಷ್ಟರಲ್ಲಿ ನಿರ್ಮಲಾ ಜನರ ನಡುವೆ ನುಗ್ಗಿ, “ನಾನು ಕಟ್ಟಿದ್ದು! ಅಕ್ಕಂಗೆ ನಾನೇ ಹೇಳಿಕೊಟ್ಟಿದ್ದು!” ಎಂದು ಕುಣಿದಳು. ನಗು ಅಲ್ಲಿಗೇ ದಿಕ್ಕು ಬದಲಾಯಿಸಿತು. “ಓಹೋ, ಹೆಣ್ಣಿಂದು ಎರವಲು ಮಾತು ಹಂಗಾರೆ” ಎಂದಳು ಗಂಡಿನ ಅತ್ತೆಯೊಬ್ಬಳು. ಅಕ್ಕ ತಲೆ ತಗ್ಗಿಸಿದವಳು ಊಟ ಮುಗಿಯುವ ತನಕ ಎತ್ತಲಿಲ್ಲ.

ಶೇಷಮ್ಮ ಮೊಮ್ಮಗಳ ರಟ್ಟೆ ಹಿಡಿದು ಚಪ್ಪರದ ಹಿಂದಕ್ಕೆ ಕರೆದೊಯ್ದಳು. ಬೈಯಲಿಲ್ಲ. “ಸೀರೆ ಉಡ್ಸಿ ಸೆರಗು ಹಿಡ್ಕಂಡ್ ನಿಂತಂಗಾತಲ್ಲೇ ಮಾರಾಯ್ತಿ. ಕೊಟ್ಟ ಮೇಲೆ ಅದು ಹೇಳಿದೋಳದ್ದು. ಇನ್ನು ಮೇಲೆ ನಂದು ಅನ್ಬ್ಯಾಡ. ಯಾರತ್ರನೂ ಅನ್ಬ್ಯಾಡ. ಕೊಡು ಮಾತು,” ಎಂದು ಅಂಗೈ ಚಾಚಿದಳು.

ನಿರ್ಮಲಾ ಕೊಟ್ಟಳು.

ಆಮೇಲೆ ಶೇಷಮ್ಮ ಶಿವನ ಪಾದ ಸೇರಿದಳು. ನಿರ್ಮಲಾ ಮದುವೆಯಾಗಿ ಶಿಕಾರಿಪುರಕ್ಕೆ ಬಂದು ನಿರ್ಮಲಮ್ಮ ಆದಳು. ಗಂಡ ಈಶ್ವರ್ ಜೋಳ, ಅಕ್ಕಿ ವ್ಯಾಪಾರಕ್ಕೆಂದು ಸಂತೆಯಿಂದ ಸಂತೆಗೆ ತಿರುಗುವವನು. ಮನೆಗೆ ಹೊಂದಿಕೊಂಡಿದ್ದ ಹಿಟ್ಟಿನ ಗಿರಣಿ ಹೆಂಡತಿಯ ಪಾಲಿಗೆ ಬಂತು. ಬೆಳಗ್ಗೆ ಮೋಟಾರು ಹಾಕಿದರೆ ಸಂಜೆಗೆ ಅವಳ ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲವೂ ಒಂದೇ ಬಣ್ಣ. ಖಾರ ಬೀಸುವ ದಿನ ಬೀದಿಗೆಲ್ಲ ಸೀನು. ರಾತ್ರಿ ಮಲಗಿದರೂ ಕಿವಿಯೊಳಗೆ ಕಲ್ಲು ತಿರುಗುತ್ತಲೇ ಇರುತ್ತಿತ್ತು.

ಒಡಪು ಮಾತ್ರ ಬಿಡಲಿಲ್ಲ. ಬಿಡಲು ಊರು ಬಿಟ್ಟರೆ ತಾನೆ? ಮಗಳ ಮದುವೆ ಗೊತ್ತಾದವರು ಜೋಳದ ಡಬ್ಬಿ ಹಿಡಿದು ಗಿರಣಿಗೆ ಬರುತ್ತಿದ್ದರು. “ಅಳಿಯನ ಹೆಸರು ಚನ್ನೇಶ್ ರೀ. ಅದಕ್ಕೊಂದು ಇದ್ರೆ ಹೇಳ್ರಲ್ಲ.” ಗಿರಣಿಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸದು. ಅದೇ ನಿರ್ಮಲಮ್ಮನಿಗೆ ಅನುಕೂಲ. ಜೋಳ ಹಿಟ್ಟಾಗಿ ಚೀಲಕ್ಕೆ ಇಳಿಯುವಷ್ಟರಲ್ಲಿ ಅವಳ ತುಟಿಯ ಮೇಲೆ ನಾಲ್ಕು ಸಾಲು ಇಳಿದಿರುತ್ತಿತ್ತು. “ಎಷ್ಟ್ ಚಂದೈತ್ರೀ! ಯಾರು ಕಟ್ಟಿದ್ದು?” ಎಂದರೆ ಅವಳ ಉತ್ತರ ಯಾವಾಗಲೂ ಒಂದೇ: “ಹಿಂದಿನೋರು ಕಟ್ಟಿದ್ದು ಕಣ್ರೀ. ನಂಗೇನ್ ಬರ್ತೈತೆ.”

ಮೊನ್ನೆ ಮೊನ್ನೆ ಹುಟ್ಟಿದ ಚನ್ನೇಶನ ಹೆಸರು ಹಿಂದಿನವರ ಬಾಯಿಗೆ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ‘ಹಿಂದಿನೋರ ಬುದ್ಧಿನೇ ಬುದ್ಧಿ’ ಎಂದು ಹಿಟ್ಟು ಹೊತ್ತು ಹೋಗುತ್ತಿದ್ದರು.

ಅವಳು ಕಟ್ಟಿದ್ದರಲ್ಲೆಲ್ಲ ಒಂದು ಮಾತ್ರ ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದವರೆಗೂ ಓಡಾಡಿತ್ತು. ಕೊನೆಯ ಸಾಲಿಗೆ ಯಾವ ಹೆಸರು ಬೇಕಾದರೂ ಕೂರುತ್ತಿತ್ತು.

ತವರಿನ ದೀಪ ಹೋಗಿ ಬಾ ಅಂತು,
ಹೊಸ್ತಿಲ ದೀಪ ಒಳಗೆ ಬಾ ಅಂತು,
ಎರಡೂ ದೀಪಕ್ಕೆ ಎಣ್ಣೆ ಹೊಯ್ದೋರು
ಇಂಥೋರು ನನ್ನೋರು.

ಈ ದೀಪದ ಒಡಪಿಗೆ ಒಬ್ಬ ಸಾಕ್ಷಿಯೂ ಹುಟ್ಟಿಕೊಂಡಿದ್ದಳು. ಅದೇ ಬೀದಿಯ ಯಮುನಮ್ಮ, ಎಪ್ಪತ್ತು ದಾಟಿದ ಗಟ್ಟಿಗಿತ್ತಿ. ಖಾರ ಬೀಸಲು ಬಂದಾಗಲೆಲ್ಲ, “ಇದು ನನ್ನ ಮದುವ್ಯಾಗ ನಾನೇ ಹೇಳಿದ್ದು ಕಣೇ. ನಮ್ಮತ್ತಿ ಕೇಳಿ ಕಣ್ಣೀರು ಹಾಕಿದ್ಲು,” ಎನ್ನುತ್ತಿದ್ದಳು. ತಾನು ಹುಟ್ಟುವ ಮುಂಚೆಯೇ ತನ್ನ ಒಡಪನ್ನು ಹೇಳಿ ಮುಗಿಸಿದ ಈ ಹಿರಿಯಳ ಮುಂದೆ ನಿರ್ಮಲಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡು, “ಹೌದಾ ಯಮುನತ್ತೆ, ಇರಬೌದು ಬಿಡ್ರಿ” ಎಂದು ಖಾರ ತೂಗುತ್ತಿದ್ದಳು. ಇದರಿಂದ ಯಾರಿಗೂ ನಷ್ಟವಿಲ್ಲ ಎಂದೇ ಅವಳು ತಿಳಿದಿದ್ದಳು.

ನಷ್ಟ ಆಗುತ್ತಿದ್ದದ್ದು ಮನೆಯೊಳಗೆ. ಅದು ಕಣ್ಣಿಗೆ ಬಿದ್ದದ್ದು ಈ ವರ್ಷ.

ಮಗಳು ಚೈತ್ರಶ್ರೀ ಶಿಕಾರಿಪುರದಲ್ಲೇ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಅವಳ ಜೊತೆ ಓದುತ್ತಿದ್ದ ತೊಗರ್ಸಿಯ ರಮ್ಯ, ತಾಯಿ ದುರ್ಗಮ್ಮನ ಜೊತೆ ಲಗ್ನಪತ್ರಿಕೆ ಕೊಡಲು ಗಿರಣಿಗೆ ಬಂದಳು. ಗಂಡು ಸೊರಬದ ಯತೀಶ. ಬಸ್‌ಸ್ಟ್ಯಾಂಡಿನ ಎದುರು ಬೇಕರಿ ಇಟ್ಟವನು.

“ಚೈತ್ರಾ, ಒಡಪು ನೀನೇ ಕಟ್ಟಿಕೊಡ್ಬೇಕು ನೋಡು,” ಎಂದಳು ರಮ್ಯ.

“ನಂಗೆಲ್ಲಿ ಬರ್ತೈತೆ? ನಮ್ಮಮ್ಮನ್ನ ಕೇಳು. ಹಿಂದಿನೋರದ್ದು ರಾಶಿ ಐತೆ ಅವರತ್ರ.”

“ಹಿಂದಿನೋರಿಗೆ ನಮ್ ಯತೀಶ ಗೊತ್ತಾ? ನಂಗೆ ಬಸ್ಸಿನ ಕತೆನೇ ಬರ್ಬೇಕು.”

“ಆ ಮಾನಗೇಡಿ ಕತೆ ಭೂಮದೂಟದಾಗೆ ಬ್ಯಾರೆ ಹೇಳ್ತೀಯಾ?” ಎಂದು ದುರ್ಗಮ್ಮ ಮಗಳ ತಲೆಗೆ ಮೊಟಕಿದಳು.

ಬಸ್ಸಿನ ಕತೆ ಇದು. ಕಾಲೇಜು ಮುಗಿಸಿ ಊರಿಗೆ ಹೊರಟ ರಮ್ಯ ಒಂದು ದಿನ ಶಿರಾಳಕೊಪ್ಪದಲ್ಲಿ ಬೋರ್ಡು ನೋಡದೆ ಸೊರಬದ ಬಸ್ಸು ಹತ್ತಿ, ಕೂತಲ್ಲೇ ನಿದ್ದೆ ಹೋಗಿ, ಕಂಡಕ್ಟರು ಎಬ್ಬಿಸಿದಾಗ ಸೊರಬದಲ್ಲಿದ್ದಳು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಬೇಕರಿಯ ಹುಡುಗ ತನ್ನ ಫೋನು ಕೊಟ್ಟ, ಒಂದು ದಿಲ್‌ಪಸಂದೂ ಕೊಟ್ಟ. ಮುಂದಿನದನ್ನು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದರು.

ಅದಾದ ಮೇಲೆ ಒಂದು ಸಂಜೆ ನಿರ್ಮಲಮ್ಮ ಗಿರಣಿಯ ಬೆಲ್ಟು ಬಿಚ್ಚಿ ಕಲ್ಲು ಗುಡಿಸುತ್ತಿದ್ದಳು. ಒಳಗೆ ಚೈತ್ರಶ್ರೀ ಹಿಟ್ಟು ಜರಡಿ ಹಿಡಿಯುತ್ತ ಏನೋ ಗುನುಗುತ್ತಿದ್ದಳು. ಜರಡಿಯ ತಾಳಕ್ಕೆ ಸರಿಯಾಗಿ ಸಾಲುಗಳು ಬೀಳುತ್ತಿದ್ದವು:

ಬಸ್ಸಿಗೊಂದು ಬೋರ್ಡು, ಬೋರ್ಡಿಗೊಂದು ಊರು,
ಬೋರ್ಡೇ ನೋಡ್ದೆ ಹತ್ತಿದೆ, ನಕ್ಕರು ಜೊತೆಯೋರು,
ತಪ್ಪಿ ಇಳಿದ ಊರಲ್ಲಿ ಸಿಕ್ಕಿದ್ರು
ಯತೀಶ ನನ್ನೋರು.

ನಿರ್ಮಲಮ್ಮನ ಕೈಯ ಪೊರಕೆ ಅಲ್ಲೇ ನಿಂತಿತು. ಮೈ ಜುಮ್ಮೆಂದಿತು. ಮಗಳು ಮೊದಲ ಹೆಜ್ಜೆ ಇಟ್ಟಾಗಲೂ ಹೀಗೇ ಆಗಿತ್ತು.

“ಚಲೋ ಐತಲ್ಲೇ!” ಎಂದಳು ಬಾಗಿಲಲ್ಲಿ ನಿಂತು.

ಚೈತ್ರಶ್ರೀ ಕದ್ದು ಸಿಕ್ಕಿಬಿದ್ದವಳ ಹಾಗೆ ಜರಡಿ ಕೆಳಗಿಟ್ಟಳು. “ಥೂ, ಹೋಗಮ್ಮ. ಬಸ್ಸಂತೆ, ಬೋರ್ಡಂತೆ. ಇದೂ ಒಂದು ಒಡಪಾ? ದೀಪದ್ದು ನೋಡು, ಹಿಂದಿನೋರು ಹೆಂಗ್ ಕಟ್ಟಾರೆ! ಅದನ್ನೇ ಹೇಳು ಅಂತ ರಮ್ಯಂಗೆ ವಾಯ್ಸ್ ಮೆಸೇಜ್ ಹಾಕಿಬಿಟ್ಟೆ.”

“ನಿಂದೇ ಚಂದೈತೆ ಕಣೇ. ನಾ ಹೇಳ್ತೀನಿ ಕೇಳು.”

“ನೀನು ಅಮ್ಮ, ಹೇಳೇ ಹೇಳ್ತೀಯ. ನೀನೇ ಒಂದ್ ಸಾಲು ಕಟ್ಟಿದೀಯಾ ಇಷ್ಟು ವರ್ಷದಾಗೆ? ಅಷ್ಟೊಂದು ಬಾಯಿಗೆ ಬರೋ ನಿಂಗೇ ಕಟ್ಟಾಕಾಗ್ಲಿಲ್ಲ ಅಂದ್ಮೇಲೆ ನಂಗೇನಾಗ್ತೈತೆ? ಕಟ್ಟೋ ಕಾಲ ಮುಗೀತು ಬಿಡು. ನಮ್ಮಂಥೋರು ಬರೀ ಹೇಳೋರು.”

ಅವಳು ಅದನ್ನು ಕಹಿಯಾಗಿ ಹೇಳಲಿಲ್ಲ. ನಾಳೆ ಸೋಮವಾರ ಎನ್ನುವ ಹಾಗೆ ಹೇಳಿ ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದಳು. ನಿರ್ಮಲಮ್ಮನಿಗೆ ಇರಿದದ್ದು ಅದೇ.

ಕಲ್ಲಿನ ಸಂದಿಯ ಹಿಟ್ಟನ್ನು ಕೆರೆಯುತ್ತ ಅವಳು ಬಹಳ ಹೊತ್ತು ಅಲ್ಲೇ ಕೂತಳು. ಬಾಯಿ ಬಿಟ್ಟರೆ ಅಜ್ಜಿಗೆ ಕೊಟ್ಟ ಮಾತು ಹೋಗುತ್ತದೆ. ಬಿಡದಿದ್ದರೆ ಈ ಹುಡುಗಿ ಇನ್ನೊಂದು ಸಾಲು ಕಟ್ಟುವುದಿಲ್ಲ. ಯೋಚಿಸುತ್ತ ಹೋದ ಹಾಗೆ ಇನ್ನೊಂದು ಸಂಗತಿ ಕೈಗೆ ತಾಗಿತು. ‘ನಂದು ಅನ್ಬ್ಯಾಡ’ ಎಂದಿದ್ದಳು ಅಜ್ಜಿ, ಅಷ್ಟೇ. ‘ಹಿಂದಿನೋರದ್ದು ಅನ್ನು’ ಎಂದು ಹೇಳಿರಲಿಲ್ಲ. ಆ ಬಾಲವನ್ನು ತಾನೇ ಕಟ್ಟಿಕೊಂಡದ್ದು. ಅದರಲ್ಲಿ ಒಂದು ಸುಖವಿತ್ತು, ಒಪ್ಪಿಕೊಳ್ಳಬೇಕು. ‘ನಂಗೇನ್ ಬರ್ತೈತೆ’ ಎಂದಾಗಲೆಲ್ಲ ‘ಎಷ್ಟು ವಿನಯ ನಿರ್ಮಲಮ್ಮಂಗೆ’ ಎಂದು ಜನ ಅಂದದ್ದು ಕಿವಿಗೆ ಇಂಪಾಗಿತ್ತು. ಆ ಇಂಪಿಗೆ ಮಗಳು ತೆರುತ್ತಿದ್ದಾಳೆ. ಇಲ್ಲದ ಹಿಂದಿನವರನ್ನು ಹುಟ್ಟಿಸಿ, ಅಟ್ಟದಷ್ಟು ಎತ್ತರದಲ್ಲಿ ಕೂರಿಸಿ, ಏಣಿ ತೆಗೆದುಬಿಟ್ಟವಳು ತಾನೇ.

ಮದುವೆಯ ಬೆಳಿಗ್ಗೆ ತಾಯಿ ಮಗಳು ಸೊರಬದ ಬಸ್ಸು ಹತ್ತಿದರು. “ಬೋರ್ಡು ನೋಡ್ದೇನಮ್ಮ?” ಎಂದು ಚೈತ್ರಶ್ರೀ ನಕ್ಕಳು. ಬಸ್ಸು ಶಿರಾಳಕೊಪ್ಪ ದಾಟಿತು. ಮೆಕ್ಕೆಜೋಳದ ಹೊಲಗಳು ಹಿಂದಕ್ಕೆ ಸರಿದು ಗದ್ದೆಗಳು ಬರತೊಡಗಿದಾಗ ನಿರ್ಮಲಮ್ಮ ಕೇಳಿದಳು:

“ನಮ್ಮಪ್ಪಂಗೆ, ನಿನ್ ತಾತಂಗೆ, ಲಕ್ವ ಹೊಡೆದಾಗಿನ್ ಕಾಲ ನೆನಪೈತಾ ನಿಂಗೆ?”

“ಮಹೇಶ್ವರಪ್ಪ ತಾತನಾ? ಅಷ್ಟಿಷ್ಟು. ನಾನಿನ್ನೂ ಅಂಗನವಾಡಿಗೆ ಹೋಗ್ತಿದ್ದೆ.”

“ನಿಮ್ಮಪ್ಪ ಸಂತೆಗೆ ಹೋಗೋವಾಗ ನಿನ್ನ ಬೈಕಿನ ಮುಂದೆ ಕೂರಿಸ್ಕೊಂಡು ಹೋಗ್ತಿದ್ರಲ್ಲ?”

“ಹ್ಞೂಂ! ಒಂದು ಹಳದಿ ಕ್ಯಾನು ಇರ್ತಿತ್ತು. ನನ್ ತೊಡೆ ಮೇಲಿಡ್ತಿದ್ರು. ಫ್ರಾಕೆಲ್ಲ ಎಣ್ಣೆ ವಾಸನೆ. ನೀನು ಬೈತಿದ್ದೆ.”

“ಅದು ಎಲ್ಲಿಗ್ ಹೋಗ್ತಿತ್ತು ಅಂತ ನಂಗೆ ಗೊತ್ತಿರ್ಲಿಲ್ಲ. ಸಂತೆಗೆ ಅಂತಿದ್ರು. ಒಂದಿನ ನಾ ಹೇಳದೆ ತವರಿಗೆ ಹೋದೆ. ದೇವರ ಗೂಡಿನ ಕೆಳಗೆ ಆ ಕ್ಯಾನು ಕೂತಿತ್ತು. ಪಕ್ಕದಾಗೆ ಅಕ್ಕಿ, ಬೇಳೆ. ನಿಮ್ಮಜ್ಜಿ ಅದರದ್ದೇ ಎಣ್ಣೆ ಹೊಯ್ದು ದೀಪ ಹಚ್ತಿದ್ಲು. ‘ಅಳಿಯಂದ್ರು ನಿಂಗೆ ಹೇಳ್ಬ್ಯಾಡ ಅಂದಾರೆ’ ಅಂದ್ಲು. ವಾಪಸ್ ಬಂದು ನಾನು ನಮ್ಮನೆ ದೀಪಕ್ಕೆ ಎಣ್ಣೆ ಹೊಯ್ದೆ. ಅದೂ ಅವರು ತಂದಿದ್ದೇ.”

ಬಸ್ಸು ಹಂಪು ಹಾರಿತು. ಚೈತ್ರಶ್ರೀ ಕಂಬಿ ಹಿಡಿದುಕೊಂಡವಳು ಬಿಡಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಎರಡೂ ದೀಪಕ್ಕೆ ಎಣ್ಣೆ ಹೊಯ್ದೋರು.

“ಅಮ್ಮಾ,” ಎಂದಳು ಮೆಲ್ಲಗೆ, “ಅದು ನೀನಾ?”

ನಿರ್ಮಲಮ್ಮ ಕಿಟಕಿಯ ಹೊರಗೆ ನೋಡಿದಳು.

“ಎಲ್ಲಾನೂ ನೀನೇನಾ?”

“ಸೊರಬ ಬಂತು. ಇಳಿಯೋಣ ನಡಿ.”

“ನೀ ಯಾಕ್ ಹೇಳ್ಲಿಲ್ಲ? ನಾನು ಎಷ್ಟ್ ಕಟ್ಟಿ ಎಷ್ಟ್ ಬಿಸಾಕಿದೀನಿ ಗೊತ್ತಾ ನಿಂಗೆ? ಒಂದೊಂದನ್ನೂ ನಿನ್ನ ಆ ಹಿಂದಿನೋರ ಮುಂದೆ ಇಟ್ಟು ನೋಡಿ ಬಿಸಾಕಿದೀನಿ!” ಹುಡುಗಿಯ ದನಿ ಏರಿ, ಮುಂದಿನ ಸೀಟಿನವರು ತಿರುಗಿ ನೋಡಿದರು. ಶೇಷಮ್ಮಜ್ಜಿಗೆ ಕೊಟ್ಟ ಮಾತಿನ ಕತೆಯನ್ನು ನಿರ್ಮಲಮ್ಮ ಬಸ್‌ಸ್ಟ್ಯಾಂಡಿನಿಂದ ಕಲ್ಯಾಣ ಮಂಟಪದವರೆಗೆ ನಡೆಯುತ್ತ ಹೇಳಿದಳು. ಚೈತ್ರಶ್ರೀ ಎರಡು ಹೆಜ್ಜೆ ಮುಂದೆಯೇ ನಡೆದಳು, ತಿರುಗಿ ನೋಡಲಿಲ್ಲ. ಮಂಟಪದ ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ನೇರ ರಮ್ಯಳ ಕೋಣೆಗೆ ಹೋದಳು.

ಭೂಮದ ಊಟಕ್ಕೆ ಎಲೆ ಹಾಸಿದರು. ಸುತ್ತ ಹೆಂಗಸರು ನೆರೆದರು. ಗಂಡಿನ ಕಡೆಯವರ ಮುಂದಿನ ಕುರ್ಚಿಯಲ್ಲಿ ಯಮುನಮ್ಮ ಕೂತಿದ್ದಳು. ಯತೀಶ ಅವಳ ತಂಗಿಯ ಮೊಮ್ಮಗ. “ಹೆಸರು! ಹೆಸರು!” ಎಂದು ಎಲ್ಲರೂ ಕೂಗಿದರು. ರಮ್ಯ ಗಂಟಲು ಸರಿಮಾಡಿಕೊಂಡು, ಕಣ್ಣಲ್ಲೇ ಚೈತ್ರಶ್ರೀಯನ್ನು ಹುಡುಕಿ, ಹೇಳಿದಳು. ದೀಪದ್ದಲ್ಲ, ಬಸ್ಸಿನದ್ದು.

‘ತಪ್ಪಿ ಇಳಿದ ಊರಲ್ಲಿ’ ಎನ್ನುವಷ್ಟರಲ್ಲೇ ಯತೀಶನ ಗೆಳೆಯರು ಸಿಳ್ಳೆ ಹೊಡೆದರು. ದುರ್ಗಮ್ಮ ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು. “ಇದೆಲ್ಲಿಂದು ಮಾರಾಯ್ತಿ, ಕೇಳೇ ಇರ್ಲಿಲ್ಲ! ಯಾರು ಕಟ್ಟಿದ್ದು?” ಎಂದಳು ಗಂಡಿನ ಸೋದರತ್ತೆ.

“ಅಗಾ, ಅಲ್ಲಿ ನಿಂತಾಳೆ ನೋಡ್ರಿ ನಮ್ ಚೈತ್ರ. ನಂಗಂತಾನೇ ಕಟ್ಟಿದ್ದು,” ಎಂದು ರಮ್ಯ ಬೆರಳು ತೋರಿಸಿದಳು. ಅವಳ ತಲೆ ತಗ್ಗಲಿಲ್ಲ.

ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಚೈತ್ರಶ್ರೀಯ ಬಾಯಿಗೆ ಮನೆಯ ಅಭ್ಯಾಸವೇ ಮೊದಲು ಬಂತು. “ಹಿಂದಿನೋ...” ಎಂದು ತಡೆದಳು.

“ಹಿಂದಿನೋರಿಗೆ ಬಸ್ಸೆಲ್ಲಿತ್ತೇ?” ಯಾರೋ ಎಂದರು. ಮತ್ತೆ ನಗು.

“ನಾನೇ ಕಟ್ಟಿದ್ದು,” ಎಂದಳು ಚೈತ್ರಶ್ರೀ. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. “ನಮ್ಮಮ್ಮ ಹೇಳೋದ್ ಕೇಳ್ಕೇಳಿ ಬಂತು. ದೀಪದ ಒಡಪು ಐತಲ್ಲ, ಅದು ನಮ್ಮಮ್ಮ ಕಟ್ಟಿದ್ದು.”

“ಏನಂದೀ?” ಯಮುನಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. “ದೀಪದ್ದಾ? ಅದು ನನ್ನ ಮದುವ್ಯಾಗ ನಾ ಹೇಳಿದ್ದು! ನಿಮ್ಮಮ್ಮ ಆವಾಗ ಹುಟ್ಟೇ ಇರ್ಲಿಲ್ಲ. ಒಂದು ಚಪ್ಪಾಳೆ ಬಿದ್ದಿದ್ದೇ ತಡ, ಹುಡುಗಿ ಸುಳ್ಳಿಗೆ ಇಳಿದ್ಲು ನೋಡು. ಬಸ್ಸಿಂದೂ ಯಾರತ್ರ ಎತ್ಕೊಂಡು ಬಂದಾಳೋ!”

ಮಂಟಪದ ಆ ಮೂಲೆಯಲ್ಲಿ ನಗು ನಿಂತಿತು. ಹೆಂಗಸರು ಚೈತ್ರಶ್ರೀಯ ಕಡೆ ನೋಡುವ ಬಗೆ ಬದಲಾಯಿತು. ಹುಡುಗಿಯ ಕಿವಿ ಕೆಂಪೇರಿತು.

“ಏನ್ ನಿರ್ಮಲಮ್ಮ, ನೀನೇ ಹೇಳ್ತಿದ್ದೆಯಲ್ಲ, ಹಿಂದಿನೋರು ಕಟ್ಟಿದ್ದು ಅಂತ? ಹೇಳು ಇವಳಿಗೆ,” ಎಂದಳು ಯಮುನಮ್ಮ.

ನಿರ್ಮಲಮ್ಮನ ನಾಲಿಗೆಯ ತುದಿಗೆ ‘ಇರಬೌದು ಬಿಡ್ರಿ’ ಬಂದು ನಿಂತಿತ್ತು. ಇಷ್ಟು ವರ್ಷ ಯಾವ ಕಷ್ಟವೂ ಇಲ್ಲದೆ ಉದುರುತ್ತಿದ್ದ ಮಾತು. ಈಗ ಉದುರಿದರೆ ಯಮುನಮ್ಮನ ಮಾನ ಉಳಿಯುತ್ತದೆ, ಅಜ್ಜಿಗೆ ಕೊಟ್ಟ ಮಾತೂ ಉಳಿಯುತ್ತದೆ, ‘ಎಷ್ಟು ವಿನಯ’ ಎಂಬ ಹೆಸರೂ ಉಳಿಯುತ್ತದೆ. ಮಗಳೊಬ್ಬಳು ಉಳಿಯುವುದಿಲ್ಲ. ಬಾಳೆಯೆಲೆ ಒರೆಸುತ್ತಿದ್ದ ಶೇಷಮ್ಮನ ಒದ್ದೆ ಅಂಗೈ ಅವಳ ನೆನಪಿಗೆ ಬಂತು. ಅಜ್ಜಿ ಅವತ್ತು ಕಾಪಾಡಿದ್ದೂ ತಲೆ ತಗ್ಗಿಸಿ ಕೂತ ಒಬ್ಬ ಹುಡುಗಿಯನ್ನೇ.

ಅವಳು ಎದ್ದು ಮಗಳ ಪಕ್ಕಕ್ಕೆ ಬಂದು ನಿಂತಳು. ಮೊದಲು ಯಮುನಮ್ಮನಿಗೆ ಕೈ ಮುಗಿದಳು.

“ಯಮುನತ್ತೆ, ನಿಮ್ಮ ಮದುವೇಲಿ ನೀವು ಹೇಳಿದ್ದು ಚಂದನೇ ಇದ್ದಿರ್ಬೇಕು. ನಿಮ್ಮತ್ತೆ ಕಣ್ಣೀರು ಹಾಕಿದ್ದೂ ಖರೇನೇ ಇರ್ಬೇಕು. ಆದ್ರೆ ದೀಪದ್ದು ನಂದು. ನಮ್ಮೆಜಮಾನ್ರು ನಮ್ಮ ತವರಿಗೆ ಎಣ್ಣೆ ಹೊತ್ತಿದ್ದು ನೋಡಿ ಕಟ್ಟಿದ್ದು. ಹಿಂದಿನೋರು ಅಂತ ನಾ ಹೇಳ್ತಿದ್ದದ್ದು ಸುಳ್ಳು. ಬಸ್ಸಿಂದು ಇವಳದ್ದು. ಇವತ್ತಿಗೆ ಅದು ರಮ್ಯಂದು.”

ಅಷ್ಟು ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಗಿರಣಿಯಲ್ಲಿ ‘ನಿಮ್ಮ ಹಿಟ್ಟು ಆತು ನೋಡ್ರಿ’ ಎನ್ನುವ ಹಾಗೇ ಇತ್ತು.

ಯಮುನಮ್ಮನ ಮುಖದಲ್ಲಿ ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಿತ್ತು. ಸುತ್ತಲೂ ಒಮ್ಮೆ ನೋಡಿ, “ಹಂಗಾರೆ ನನ್ನ ಮದುವ್ಯಾಗ ನಾನು ಏನ್ ಹೇಳಿದ್ನೇ?” ಎಂದಳು.

“ನಿಮ್ಮೆಜಮಾನ್ರು ಆ ಸಾಲಿನಾಗೆ ಹೋಳಿಗೆ ಕಾಯ್ತಾ ಕೂತಾರೆ, ಅವರನ್ನೇ ಕೇಳ್ರಿ!” ಎಂದಳು ದುರ್ಗಮ್ಮ. ನಿಂತಿದ್ದ ನಗು ಮತ್ತೆ ಹೊರಟಿತು. ಯಮುನಮ್ಮನೂ ಕೊನೆಗೆ ಸೆರಗು ಬಾಯಿಗಿಟ್ಟು ನಕ್ಕಳು. “ಆ ಕಿವುಡಂಗೆ ಅವತ್ತೇ ಕೇಳಿರ್ಲಿಲ್ಲ ಬಿಡೇ,” ಎಂದಳು.

ಯತೀಶ ರಮ್ಯಳ ಬಾಯಿಗೆ ಮೊದಲ ತುತ್ತು ಇಟ್ಟ. ಚೈತ್ರಶ್ರೀ ತಾಯಿಯನ್ನು ಇನ್ನೂ ನೇರವಾಗಿ ನೋಡಿರಲಿಲ್ಲ. ತಾಯಿಯ ಓಲೆಯ ಹಿಂದೆ ಅಂಟಿಕೊಂಡಿದ್ದ ಒಂದಿಷ್ಟು ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದಳು.

ಶೇಷಮ್ಮನಿಗೆ ಕೊಟ್ಟ ಮಾತನ್ನು ನಿರ್ಮಲಮ್ಮ ಅವತ್ತು ಮುರಿದಳು.